ಅಪ್ಪನ ತೋಳಿನ ಅಳತೆ

ಬ್ಲ್ಯಾಕ್ ಆಲ್ಡರ್, ವಿಸ್ಕಾನ್ಸಿನ್
ಆಗಸ್ಟ್ ೨೧, ೨೦೧೭

ಮಾರ್ಲಿಸ್,

ಫೋನ್ ಮಾಡಿದರೆ ಹೋದ ಸಲದ ಹಾಗೆ ಮತ್ತೆ ಅರ್ಧಕ್ಕೇ ಇಟ್ಟುಬಿಡ್ತೀಯ, ಅದಕ್ಕೇ ಕಾಗದ. ಇದನ್ನ ನೀನು ಹರಿದು ಹಾಕಬಹುದು, ಆದರೆ ಪೂರ್ತಿ ಓದಿ ಆಮೇಲೇ ಹರಿಯೋಳು ನೀನು. ತಂಗಿ ಬುದ್ಧಿ ಅಣ್ಣನಿಗೆ ಗೊತ್ತಿರಲ್ವಾ.

ಬೇಟೆ ಕ್ಯಾಂಪಿನ ಮಾಡಿಗೆ ಹೊಸ ತಗಡು ಹೊದಿಸಿದ್ವಿ. ಕರಡಿ ಬಂದು ಹಿಂದಿನ ಬಾಗಿಲ ಜಾಲರಿ ಕಿತ್ತುಹಾಕಿತ್ತು, ಅದೂ ಆಯ್ತು. ಕೆಲಸ ಮುಗಿಸಿ ಎಲ್ಲರೂ ಕೂತಾಗ ಓರ್ವಲ್ ಚಿಕ್ಕಪ್ಪ ಮಾತು ತೆಗೆದ. ಅಪ್ಪ ಹೋದ ಮೇಲೆ ಕ್ಯಾಂಪಿಗೆ ಅವನೇ ಹಿರಿಯ, ಅವನ ಮಾತು ನಾನು ತೆಗೆದುಹಾಕೋಕಾಗಲ್ಲ. ವಿಷಯ ಇಷ್ಟೇ. ನವೆಂಬರ್‌ನಲ್ಲಿ ನೀನು ಬಾ, ಆದರೆ ಬಿಲ್ಲು ತರಬೇಡ.

ಹೋದ ವರ್ಷ ನೀನು ಹೊಡೆದ ಆ ಗಂಡು ಜಿಂಕೆ ಯಾರಿಗೂ ಮರೆತುಹೋಗಿಲ್ಲ. ಗುರಿ ತಪ್ಪೋದು ಬೇರೆ, ಗಾಯ ಮಾಡಿ ಕಳಕೊಳ್ಳೋದು ಬೇರೆ. ನಾಲ್ಕು ಜನ ಎರಡು ದಿನ ಆ ಜೌಗಿನಲ್ಲಿ ರಕ್ತ ಹುಡುಕಿಕೊಂಡು ಮೊಣಕಾಲಲ್ಲಿ ತೆವಳಿದ್ವಿ. ಬೀವರ್ ಪ್ರಾಣಿಗಳು ಕಟ್ಟಿದ ಕಟ್ಟೆ ಹತ್ತಿರ, ಮರದ ಮೇಲಿರೋ ಅಪ್ಪನ ಅಟ್ಟಣೆಯನ್ನ ಈ ಸಲ ಟ್ರಾವಿಸ್‌ಗೆ ಕೊಡೋದು ಅಂತ ಆಗಿದೆ. ಓರ್ವಲ್ ಚಿಕ್ಕಪ್ಪನ ಮೊಮ್ಮಗಳ ಗಂಡ, ಒಳ್ಳೆ ಹುಡುಗ, ಎಳೆಯೋಕೆ ಎಪ್ಪತ್ತು ಪೌಂಡ್ ಬಲ ಬೇಕಾದ ಬಿಲ್ಲು ನಗ್ತಾ ನಗ್ತಾ ಎಳೀತಾನೆ.

ನೀನು ಆಲೂಗಡ್ಡೆ ಲೆಫ್ಸೆ ರೊಟ್ಟಿ ಮಾಡು. ಅಮ್ಮನ ಕೈರುಚಿ ನಿನಗೊಬ್ಬಳಿಗೇ ಬಂದಿರೋದು. ತಪ್ಪು ತಿಳಕೋಬೇಡ.

ವೆಂಡೆಲ್


ಹೇಸ್ಟಿಂಗ್ಸ್, ನೆಬ್ರಾಸ್ಕ
ಆಗಸ್ಟ್ ೨೯, ೨೦೧೭

ವೆಂಡೆಲ್,

ಓದಿ ಆಮೇಲೇ ಹರಿದೆ. ಆಮೇಲೆ ಇನ್ನೊಂದು ಸಲ ಓದಬೇಕು ಅನ್ನಿಸಿ ಕಸದ ಬುಟ್ಟಿಯಿಂದ ಎತ್ತಿ ಜೋಡಿಸಿದೆ. ಎರಡನೇ ಸಲ ಇನ್ನೂ ಅಸಹ್ಯವಾಗಿತ್ತು.

ಲೆಫ್ಸೆ ಮಾಡಬೇಕಂತೆ. ಹನ್ನೊಂದು ಗಂಟೆ ಗಾಡಿ ಓಡಿಸಿಕೊಂಡು ಬಂದು, ನೀವೆಲ್ಲ ಕಾಡಿಂದ ಬರೋಷ್ಟರಲ್ಲಿ ರೊಟ್ಟಿ ಬಿಸಿಯಾಗಿರಲಿ ಅಂತ ಒಲೆ ಮುಂದೆ ಕೂತಿರಬೇಕು. ಅಪ್ಪ ಸಾಯೋಕೆ ಮುಂಚೆ ಬಿಲ್ಲು ಯಾರ ಕೈಗೆ ಕೊಟ್ಟ? ನಿನಗಾ? ಓರ್ವಲ್ ಚಿಕ್ಕಪ್ಪನಿಗಾ? ನನಗೆ ಕೊಟ್ಟ. ಅಟ್ಟಣೆಯೂ ಬಿಲ್ಲಿನ ಜೊತೆಗೇ ಬಂದಿದ್ದು ಅಂತ ಅವತ್ತು ನೀನೇ ಹೇಳಿದ್ದೆ. ಈಗ ನಿನ್ನೆ ಮೊನ್ನೆ ಮದುವೆಯಾಗಿ ಬಂದವನು ಅದರಲ್ಲಿ ಕೂರ್ತಾನೆ, ನಾನು ಹಿಟ್ಟು ಲಟ್ಟಿಸ್ತೀನಿ.

ಗುರಿ ತಪ್ಪಿದವರ ಅಂಗಿಯ ಹಿಂಬದಿ ಚುಂಗು ಕತ್ತರಿಸಿ, ಹೆಸರು ವರ್ಷ ಬರೆದು ಗೋಡೆಗೆ ಮೊಳೆ ಹೊಡೀತೀರಲ್ಲ, ಆ ಗೋಡೆಯಲ್ಲಿ ನನ್ನವು ಹದಿಮೂರಿವೆ. ಅಪ್ಪನ ಬಿಲ್ಲು ಕೈಗೆ ಬಂದಾಗಿಂದ ವರ್ಷಕ್ಕೊಂದರಂತೆ. ಗೋಡೆ ರಾಣಿ, ಗೋಡೆ ರಾಣಿ ಅಂತ ನೀವು ಮೇಜು ಬಡಿದಾಗೆಲ್ಲ ನಾನೂ ನಕ್ಕಿದ್ದೀನಿ. ಬ್ರಾಂದಿ ಸುರಿದು ಕೊಟ್ಟಿದ್ದೀನಿ. ಕತ್ತರಿ ನನ್ನ ಬೆನ್ನಿಗೆ ತಾಕಿದಾಗ ತಣ್ಣಗಿರ್ತಿತ್ತು, ಅದನ್ನ ಯಾರಿಗೂ ಹೇಳಿಲ್ಲ.

ಅಪ್ಪನ ಬಿಲ್ಲು ತಪ್ಪದ ಬಿಲ್ಲು ಅಂತ ಊರಿಗೆಲ್ಲ ಗೊತ್ತು. ಹಾಗಾದರೆ ತಪ್ಪಿದ್ದೆಲ್ಲ ನಾನೇ. ಇರಲಿ, ನೋಡೇಬಿಡ್ತೀನಿ. ಹೊಸ ಬಿಲ್ಲು ಕೊಳ್ತೀನಿ, ಅದನ್ನ ತಗೊಂಡೇ ಬರ್ತೀನಿ, ಅಪ್ಪನ ಅಟ್ಟಣೆಯಲ್ಲೇ ಕೂರ್ತೀನಿ. ರೊಟ್ಟಿ ಬೇಕಾದವರು ಆಲೂಗಡ್ಡೆ ಬೇಯಿಸಿಕೊಳ್ಳಲಿ.

ಮಾರ್ಲಿಸ್


ಬ್ಲ್ಯಾಕ್ ಆಲ್ಡರ್
ಸೆಪ್ಟೆಂಬರ್ ೯, ೨೦೧೭

ಮಾರ್ಲಿಸ್,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟೇ ಬರೆದು ಲಕೋಟೆ ಮುಚ್ಚಬೇಕು ಅಂತಿದ್ದೆ. ಡೋರೀನ್ ಬಿಡಲಿಲ್ಲ. ನನ್ನ ಹೆಂಡತಿ ಯಾವಾಗಲೂ ನಿನ್ನ ಕಡೆ, ನಿನಗೂ ಗೊತ್ತು.

ಹೊಸ ಬಿಲ್ಲು ಕೊಂಡರೆ ಕೈ ಹೊಸದಾಗಲ್ಲ. ಆದರೂ ಹಟ ಹಿಡಿದಿದ್ದೀಯ, ಅಂಗಡಿಯವನು ನಿನ್ನ ತಲೆ ಬೋಳಿಸಬಾರದು ಅಂತ ಹೇಳ್ತೀನಿ, ಕೇಳಿಸಿಕೋ. ಬಾಣದ ವೇಗದ ಲೆಕ್ಕ ಹೇಳಿ ಮರುಳು ಮಾಡ್ತಾರೆ, ಬೀಳಬೇಡ. ವೇಗದ ಬಿಲ್ಲು ಮುಂಗೋಪಿ ಇದ್ದ ಹಾಗೆ, ಕೈ ಒಂದು ಚೂರು ಅಲುಗಿದರೂ ಮುಖಕ್ಕೆ ಹೊಡೆದ ಹಾಗೆ ತೋರಿಸುತ್ತೆ. ತೀರಾ ಗಿಡ್ಡದ್ದು ಬೇಡ. ತೀರಾ ಹಗುರದ್ದೂ ಬೇಡ, ಗಾಳಿಗೆ ಒಲೆದಾಡುತ್ತೆ. ಎಳೆದು ಹಿಡಿದು ನಿಂತಾಗ ಬಿಲ್ಲಿನ ತುದಿಯ ಚಕ್ರ ತಿರುಗಿ ಭಾರ ಎಷ್ಟು ಇಳಿಸುತ್ತೆ ಅಂತ ನೋಡು, ಜಿಂಕೆ ಮರದ ಹಿಂದೆ ನಿಂತುಬಿಟ್ಟರೆ ನಿನಗೆ ಅದೇ ದಿಕ್ಕು. ಅರವತ್ತು ಪೌಂಡಿಗೆ ಕಮ್ಮಿ ತರಬೇಡ, ಅದಕ್ಕಿಂತ ಕೆಳಗಿರೋದು ಬಿಲ್ಲಲ್ಲ, ಬಟ್ಟೆ ಒಣಗಹಾಕೋ ಹಗ್ಗ. ಬಾಣ ಇಡದೆ ಖಾಲಿ ಬಿಲ್ಲು ಎಳೆದು ಬಿಡಬೇಡ, ಅಂಗಡಿಯಲ್ಲೇ ಸಿಡಿದು ಚೂರಾಗುತ್ತೆ, ಮಾನ ಹೋಗುತ್ತೆ.

ದಾರ ಹಿಂದಕ್ಕೆ ಬಂದು ನಿಲ್ಲೋ ಎಳೆತವನ್ನ ಇಪ್ಪತ್ತೊಂಬತ್ತು ಇಂಚಿಗೆ ಇಡಿಸು. ಅವರಿಗೆ ಹಾಗೇ ಹೇಳು, ಇಪ್ಪತ್ತೊಂಬತ್ತು ಅಂತ.

ಅಟ್ಟಣೆಯ ಮಾತು ಮುಗಿದಿದೆ. ಅದನ್ನ ಮತ್ತೆ ತೆಗೀಬೇಡ.

ವೆಂಡೆಲ್


ಹೇಸ್ಟಿಂಗ್ಸ್
ಸೆಪ್ಟೆಂಬರ್ ೨೪, ೨೦೧೭

ವೆಂಡೆಲ್,

ನೆಲ ಡೊಂಕೇ ಇತ್ತು ಕಣೋ. ಟೇಪು ಹಿಡಿಸಿ ಅಳೆಸಿ ನೋಡಿದೆ.

ಇಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಮಳಿಗೆಯ ಹಿಂದುಗಡೆ ಒಂದು ಬಿಲ್ಲಂಗಡಿ ಇದೆ. ಅಂಗಡಿಯವನ ಹೆಸರು ಲಾನಿ, ದವಡೆಯಲ್ಲಿ ಯಾವಾಗಲೂ ಸೂರ್ಯಕಾಂತಿ ಬೀಜ. ನಾನು ಒಳಗೆ ಹೋದ ಕೂಡಲೇ ಗಂಡನಿಗಾ ಮೇಡಂ ಅಂದ. ನನಗೆ ಅಂದೆ. ಸೀದಾ ಹೋಗಿ ಗುಲಾಬಿ ಬಣ್ಣದ್ದೊಂದು ತಂದ. ಇದನ್ನ ಹಿಡಕೊಂಡು ಕಾಡಿಗೆ ಹೋಗಲೋ ಮಗುವಿನ ಹುಟ್ಟುಹಬ್ಬಕ್ಕೆ ಹೋಗಲೋ ಅಂತ ಕೇಳಿದೆ. ಆಮೇಲೆ ಗೋಡೆ ಮೇಲಿದ್ದ ಎಲ್ಲಕ್ಕಿಂತ ದುಬಾರಿಯದನ್ನ ಇಳಿಸಿದ. ನೀನು ಹೇಳಿದ ಹಾಗೇ ವೇಗ, ವೇಗ ಅಂತ ಅದೇ ಪಾಠ. ಗಿಡ್ಡ ಬಿಲ್ಲು, ಎಳೆದರೆ ದಾರ ಮೂಗನ್ನೇ ಕುಯ್ಯೋ ಹಾಗೆ ಓರೆಯಾಗಿ ಬರ್ತಿತ್ತು. ಇನ್ನೊಂದು ಉದ್ದನೇದು. ಗುರಿ ಮೇಲೆ ಬಂಡೆ ಹಾಗೆ ನಿಲ್ತಿತ್ತು, ಆದರೆ ಅದನ್ನ ಮರ ಹತ್ತಿಸೋದು ಅಂದರೆ ಕಬ್ಬಿಣದ ಒಲೆ ಹೊತ್ತ ಹಾಗೆ.

ಅಷ್ಟರಲ್ಲಿ ಅವನು ನಿಮ್ಮ ಹಳೇ ಬಿಲ್ಲು ತೋರಿಸಿ ಅಂದ. ಗಾಡಿಯಿಂದ ತಂದು ಎಳೆದು ತೋರಿಸಿದೆ. ಅವನ ಬೀಜ ಅಗಿಯೋದು ನಿಂತುಹೋಯ್ತು.

"ಇದು ಯಾರದು?" ಅಂದ.

"ನಮ್ಮಪ್ಪಂದು."

"ಎಷ್ಟು ಎತ್ತರ ಇದ್ರು?"

"ಆರಡಿ ಮೂರಿಂಚು."

ತೋಳು ಮಡಚಿ ತೋರಿಸಿ ಅಂದ. ಅಂಗಿ ತೋಳು ಮೇಲೆ ಸರಿಸಿದೆ. ಬಿಲ್ಲು ಹಿಡಿಯೋ ಕೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೂ ದಾರ ಬಡಿದ ಹಳದಿ ಹಸಿರು ಬಾಸುಂಡೆ. ಅಭ್ಯಾಸ ಶುರುವಾದ ಮೇಲೆ ಪ್ರತೀ ವರ್ಷ ಆಗೋದು. ನಿಮ್ಮೆದುರು ನಾನು ಯಾವಾಗಲೂ ತುಂಬುದೋಳು ಹಾಕೊಂಡೇ ಇರ್ತಿದ್ದೆ, ಚಳಿಗೆ ಅಂದ್ಕೊಂಡಿದ್ದೆಯಾ? ಎಲ್ಲರಿಗೂ ಹೀಗೇ ಆಗುತ್ತೆ, ಗಂಡಸರು ಬಾಯಿ ಬಿಡಲ್ಲ, ನಾನೂ ಬಿಡಬಾರದು ಅಂದ್ಕೊಂಡಿದ್ದೆ.

ಅವನು ನನ್ನನ್ನ ಗೋಡೆಗೆ ಒರಗಿಸಿ ಎರಡೂ ಕೈ ಚಾಚಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆದ. ಎರಡೂವರೆಯಿಂದ ಭಾಗಿಸಿದ. ಅಷ್ಟೇ ಲೆಕ್ಕ, ಬಿಲ್ಲಂಗಡಿಗೆ ಕಾಲಿಟ್ಟವರಿಗೆಲ್ಲ ಮಾಡೋದು, ದೊಡ್ಡ ವಿದ್ಯೆ ಏನಲ್ಲ. ನನ್ನ ಎಳೆತ ಇಪ್ಪತ್ತೇಳು ಇಂಚು. ಅಪ್ಪನ ಬಿಲ್ಲು ಇಪ್ಪತ್ತೊಂಬತ್ತು. ಎಳೆತ ಎರಡು ಇಂಚು ಹೆಚ್ಚಾದ ಬಿಲ್ಲಲ್ಲಿ ಕೈ ಮೊಳೆ ಹೊಡೆದ ಹಾಗೆ ಸೆಟೆದು ನಿಲ್ಲುತ್ತೆ, ದಾರ ಕಿವಿ ಹಿಂದೆ ಹೋಗುತ್ತೆ, ಒಂದೊಂದು ಸಲ ಒಂದೊಂದು ಕಡೆ. ನೀವು ಇಷ್ಟು ದಿನ ಬೇರೆಯವರ ಕೋಟು ಹಾಕ್ಕೊಂಡು ಓಡಾಡಿದ್ದೀರಿ ಮೇಡಂ ಅಂದ.

ಕೊನೆಗೆ ಹೋದ ವರ್ಷದ ಮಾದರಿ ಒಂದಿತ್ತು, ಕೆಸರು ಬಣ್ಣ, ನೋಡೋಕೆ ಚೆಂದ ಇಲ್ಲ. ಗಿಡ್ಡವೂ ಅಲ್ಲ ಉದ್ದವೂ ಅಲ್ಲ. ಇಪ್ಪತ್ತೇಳಕ್ಕೆ ಇಟ್ಟು ಕೊಟ್ಟ, ಐವತ್ತು ಪೌಂಡ್. ಬಟ್ಟೆ ಒಣಗಹಾಕೋ ಹಗ್ಗ. ಎಳೆದೆ. ದಾರ ತುಟಿ ಕೊನೆಗೆ ಬಂದು ತಾನಾಗೇ ನಿಂತಿತು, ಮೂಗಿನ ತುದಿ ದಾರಕ್ಕೆ ತಾಗಿತು. ಮೂರು ಬಾಣ ಬಿಟ್ಟೆ. ಇಪ್ಪತ್ತು ಗಜದಲ್ಲಿ ಮೂರನ್ನೂ ಒಂದು ಕಾಫಿ ಬಟ್ಟಲಿಂದ ಮುಚ್ಚಬಹುದಿತ್ತು. ಕೈಗೆ ಏನೂ ಬಡಿಯಲಿಲ್ಲ.

ಖುಷಿಯಾಯ್ತಾ ಅಂತ ಕೇಳಬೇಡ. ಗಾಡಿಯೊಳಗೆ ಕೂತು ಸ್ಟೇರಿಂಗ್ ಗುದ್ದಿದೆ. ಯಾಕೆ ಅಂದರೆ ಲಾನಿ ಇನ್ನೊಂದು ಹೇಳಿದ. ಹಳೇ ಬಿಲ್ಲಿನ ಚಕ್ರದ ಮೇಲೆ ಒಂದು ಪುಟ್ಟ ಬಿಲ್ಲೆ ಇದೆ, ಅದನ್ನ ಬಿಚ್ಚಿ ಚಿಕ್ಕದು ಹಾಕಿದರೆ ಅಳತೆ ಇಳಿಯುತ್ತೆ, ಹತ್ತು ನಿಮಿಷದ ಕೆಲಸ ಅಂತ. ಅದನ್ನ ಬಿಚ್ಚೋ ಪಾನಾ ನಿನ್ನ ಕೀಲಿಗೊಂಚಲಲ್ಲೇ ನೇತಾಡುತ್ತೆ ವೆಂಡೆಲ್. ಪ್ರತೀ ಬೇಸಿಗೆ ಬಿಲ್ಲು ನಿನಗೆ ಕಳಿಸಿದ್ದೀನಿ, ನೀನು ದಾರ ಬದಲಾಯಿಸಿ, ಮೇಣ ಹಚ್ಚಿ, ಎಲ್ಲ ಸರಿಯಾಗಿದೆ ಅಂತ ಚೀಟಿ ಇಟ್ಟು ವಾಪಸ್ ಕಳಿಸಿದ್ದೀಯ. ಮೂರನೇ ವರ್ಷ ನಾನು ಕೇಳಿದ್ದೆ, ಇದು ನನಗೆ ಉದ್ದ ಆಯ್ತೇನೋ ಅಂತ. ನೀನು ಏನಂದೆ ನೆನಪಿದೆಯಾ? ಅಪ್ಪನಿಗೆ ಸರಿಯಾಗಿತ್ತು ಅಂದೆ.

ನಿನಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ, ಒಂದೇ ಪದ ಬರಿ.

ಮಾರ್ಲಿಸ್


ಬ್ಲ್ಯಾಕ್ ಆಲ್ಡರ್
ಅಕ್ಟೋಬರ್ ೩, ೨೦೧೭

ಮಾರ್ಲಿಸ್,

ಏನು ಗೊತ್ತಿರಬೇಕಿತ್ತು? ಗೊತ್ತಿರೋಕೆ ಅದರಲ್ಲಿ ಏನಿದೆ? ಬೀಜ ಉಗುಳಿಕೊಂಡು ಕೂತ ಯಾವನೋ ಅಂಗಡಿಯವನು ಸಾಮಾನು ಮಾರೋಕೆ ಹೇಳಿದ್ದನ್ನ ತಂದು ನನ್ನ ತಲೆಗೆ ಕಟ್ಟಬೇಡ.

ಇಪ್ಪತ್ತೊಂಬತ್ತು ನಮ್ಮ ಟ್ವೆಟನ್ ಮನೆತನದ ಎಳೆತ. ಅಪ್ಪ ತನ್ನ ಮೊದಲನೇ ಚಕ್ರದ ಬಿಲ್ಲಿಗೆ ಇಟ್ಟಿದ್ದು ಅದೇ. ಓರ್ವಲ್ ಚಿಕ್ಕಪ್ಪ ಎಳೆಯೋದು ಅದೇ. ನಾನು ಎಳೆಯೋದು ಅದೇ. ಟ್ರಾವಿಸ್ ಮದುವೆಯಾಗಿ ಬಂದಾಗ ಅವನ ಬಿಲ್ಲಿಗೂ ನಾನೇ ಕೈಯಾರೆ ಇಪ್ಪತ್ತೊಂಬತ್ತು ಇಟ್ಟುಕೊಟ್ಟೆ, ಅವತ್ತಿಂದ ಅವನು ನಮ್ಮವನಾದ. ಅದು ಮನೆ ಅಳತೆ. ಅಪ್ಪನ ಬಿಲ್ಲಿಗೆ ಪಾನಾ ಹಾಕಿ ತಿರುವೋದು ಅಂದರೆ ಅವನ ಗೋರಿಕಲ್ಲಿನ ಮೇಲಿನ ಹೆಸರು ತಿದ್ದಿದ ಹಾಗೆ. ನಾನು ಮಾಡ್ತಿರಲಿಲ್ಲ. ಬಿಲ್ಲೆ ಬದಲಾಯಿಸು ಅಂತ ನೀನು ನೇರವಾಗಿ ಕೇಳಿದ್ದರೂ ಮಾಡ್ತಿರಲಿಲ್ಲ.

ಎರಡು ಇಂಚಂತೆ. ಅಪ್ಪ ಅದೇ ಬಿಲ್ಲಲ್ಲಿ ಜನ್ಮದಲ್ಲಿ ಒಂದು ಸಲವೂ ತಪ್ಪಲಿಲ್ಲ. ಗೋಡೆಯಲ್ಲಿ ಅವನದೊಂದು ಚುಂಗಿಲ್ಲ. ನೀನು ಆ ಬಿಲ್ಲಲ್ಲಿ ಏನು ಮಾಡಿದೆ ಅಂತ ನಾನು ಹೇಳಲಾ? ಹೇಳಬಾರದು ಅಂದ್ಕೊಂಡಿದ್ದೆ. ಆ ಗಂಡು ಜಿಂಕೆ ನನಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ, ಕಟ್ಟೆಯ ಆಚೆ ದಡದಲ್ಲಿ, ಬರೀ ಮೂಳೆ. ನಿನ್ನ ಬಾಣದ ಅಲಗು ಸೊಂಟದ ಮೂಳೆಯಲ್ಲಿ ಕಚ್ಚಿಕೊಂಡಿತ್ತು. ಎಷ್ಟು ದಿನ ಅಲ್ಲಿ ಮಲಗಿತ್ತೋ ದೇವರಿಗೇ ಗೊತ್ತು. ನಾನೇ ಮಣ್ಣು ಮಾಡಿ ಬಂದೆ. ಓರ್ವಲ್ ಚಿಕ್ಕಪ್ಪನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಈಗ ತಿಳಕೋ.

ವೆಂಡೆಲ್


ಹೇಸ್ಟಿಂಗ್ಸ್
ಅಕ್ಟೋಬರ್ ೯, ೨೦೧೭

ವೆಂಡೆಲ್,

ಆ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಏಪ್ರಿಲ್‌ನಲ್ಲೇ ಹೇಳಬೇಕಿತ್ತು. ಚಳಿಗಾಲ ಪೂರ್ತಿ, ಆಮೇಲೆ ಬೇಸಿಗೆಯೂ, ಅದು ಇನ್ನೂ ಎಲ್ಲೋ ಕುಂಟಿಕೊಂಡು ಓಡಾಡ್ತಿದೆ ಅಂತ ನಾನು ಕಣ್ಣು ಮುಚ್ಚಿದಾಗೆಲ್ಲ ನೋಡ್ತಿದ್ದೆ. ನೀನು ಅದನ್ನ ಮಣ್ಣು ಮಾಡಿ, ಬಾಯಿ ಮುಚ್ಚಿಕೊಂಡು ಕೂತು, ನನ್ನ ಮೇಲೆ ಎಸೆಯೋಕೆ ಕಲ್ಲು ಬೇಕಾದಾಗ ತೆಗೆದೆ. ಆ ಜೀವ ನರಳಿದ್ದು ನನ್ನ ಕೈಯಿಂದ, ಅದು ನನ್ನದೇ, ಇನ್ನೊಬ್ಬರ ಮೇಲೆ ಹಾಕಲ್ಲ. ನಾನು ಅವತ್ತು ಬಾಣ ಬಿಡಬಾರದಿತ್ತು. ಬಿಲ್ಲು ಮೈಗೆ ಕೂತಿಲ್ಲ ಅಂತ ಮೈಗೆ ಗೊತ್ತಿತ್ತು, ತಲೆಗೆ ಗೊತ್ತಾಗಲಿಲ್ಲ. ಇನ್ನೊಂದು ಪ್ರಾಣಿ ಹಾಗೆ ಸಾಯಬಾರದು, ಅದಕ್ಕೇ ಆ ಕೆಸರು ಬಣ್ಣದ್ದು ಕೊಂಡಿರೋದು. ನಿಮ್ಮ ಶಹಬ್ಬಾಸ್‌ಗಲ್ಲ.

ಇನ್ನು ಮನೆ ಅಳತೆ. ಮನೆಗೆ ಬಾಗಿಲಿರುತ್ತೆ, ಕಿಟಕಿ ಇರುತ್ತೆ. ಮನೆಗೆ ತೋಳಿರಲ್ಲ ಕಣೋ. ಅಪ್ಪನ ಬೂಟು ಹಾಕ್ಕೊಂಡು ಹಿಮದಲ್ಲಿ ಹೋಗು ಅಂದರೆ ಹೋಗ್ತೀಯಾ? ಮೂರನೇ ಹೆಜ್ಜೆಗೆ ಬೂಟು ಅಲ್ಲೇ, ನೀನು ಮುಂದೆ. ನೀನು ಅಪ್ಪನಷ್ಟು ಎತ್ತರ ಅಂತ ಹೇಳಿಕೊಂಡು ತಿರುಗ್ತೀಯ, ನಿನ್ನ ಮದುವೆ ಫೋಟೋದಲ್ಲಿ ಅವನ ಗಲ್ಲದ ಹತ್ತಿರ ಇದ್ದೀಯ. ಕೈ ಚಾಚಿಕೊಂಡು ಗ್ಯಾರೇಜ್ ಬಾಗಿಲಿಗೆ ನಿಲ್ಲು. ಡೋರೀನ್ ಕೈಗೆ ಟೇಪು ಕೊಡು. ಧೈರ್ಯ ಇದ್ದರೆ.

ಮಾರ್ಲಿಸ್


ಬ್ಲ್ಯಾಕ್ ಆಲ್ಡರ್
ಅಕ್ಟೋಬರ್ ೨೦, ೨೦೧೭

ಮಾರ್ಲಿಸ್,

ಕ್ಯಾಂಪು ನವೆಂಬರ್ ನಾಲ್ಕಕ್ಕೆ ಶುರು. ಮೊದಲ ಹಿಮ ಬಿದ್ದು ಕರಗಿದೆ. ಗಂಡು ಜಿಂಕೆಗಳು ಕೊಂಬು ಉಜ್ಜೋಕೆ ಶುರು ಮಾಡಿವೆ, ಕಟ್ಟೆ ಪಕ್ಕದ ಆಲ್ಡರ್ ಗಿಡಗಳ ತೊಗಟೆ ಎಲ್ಲ ಸುಲಿದುಹೋಗಿದೆ. ಸೌದೆ ಸಾಕಷ್ಟಿದೆ.

ಬಿಲ್ಲು ತರೋದಾದರೆ ಒಂದು ಷರತ್ತು, ಚಿಕ್ಕಪ್ಪನ ಮಾತು ಇದು. ಮೂವತ್ತು ಗಜದಲ್ಲಿ ಕಡುಬಿನ ತಟ್ಟೆ ಇಡ್ತೀವಿ. ಎಲ್ಲರ ಮುಂದೆ ಮೂರಕ್ಕೆ ಮೂರು ಬಾಣ ಅದರೊಳಗೆ ಬೀಳಬೇಕು. ಬಿದ್ದರೆ ಸರಿ, ಇಲ್ಲದಿದ್ದರೆ ಬಿಲ್ಲು ಗಾಡಿಯಲ್ಲೇ.

ಬೇರೇನೂ ವಿಶೇಷ ಇಲ್ಲ.

ವೆಂಡೆಲ್


ಹೇಸ್ಟಿಂಗ್ಸ್
ಅಕ್ಟೋಬರ್ ೨೫, ೨೦೧೭

ವೆಂಡೆಲ್,

ತಟ್ಟೆ ಇಡಿ. ಸಾಲಾಗಿ ನಿಲ್ಲೋಣ. ಓರ್ವಲ್ ಚಿಕ್ಕಪ್ಪನಿಂದ ಶುರು ಮಾಡಿ, ಆಮೇಲೆ ನೀನು, ಆಮೇಲೆ ಟ್ರಾವಿಸ್, ಕೊನೆಗೆ ನಾನು. ನಿಮ್ಮಲ್ಲಿ ಯಾರಿಗೂ ಇಲ್ಲದ ಪರೀಕ್ಷೆ ನನಗೊಬ್ಬಳಿಗೇ ಅಂದರೆ ಆ ತಟ್ಟೆಯಲ್ಲಿ ಕಡುಬನ್ನೇ ಇಟ್ಟುಕೊಂಡು ತಿನ್ನಿ.

ಹೊರರಾಜ್ಯದವರ ಬೇಟೆ ಪರವಾನಗಿ ತೆಗೆದಾಯ್ತು. ನಾಲ್ಕಕ್ಕೆ ಬರ್ತೀನಿ. ಟೇಪಿನ ವಿಷಯಕ್ಕೆ ನೀನು ಉತ್ತರವೇ ಕೊಟ್ಟಿಲ್ಲ, ಗಮನಿಸಿದ್ದೀನಿ.

ಮಾರ್ಲಿಸ್


ಬ್ಲ್ಯಾಕ್ ಆಲ್ಡರ್
ನವೆಂಬರ್ ೧೩, ೨೦೧೭

ಮಾರ್ಲಿಸ್,

ನಿನಗೆ ನಾಚಿಕೆ ಅನ್ನೋದು ಇದೆಯಾ?

ಬಂದೆ, ಕೂತೆ, ಯಾರಾದರೂ ನಿನಗೆ ಒಂದು ಮಾತು ಅಂದ್ರಾ? ಸಾಲಾಗಿ ನಿಲ್ಲೋ ಮಾತು ಹೇಳಿದಾಗ ಚಿಕ್ಕಪ್ಪ ಭುಜ ನೋವು ಅಂದ, ತಟ್ಟೆ ವಿಷಯ ಅಲ್ಲಿಗೇ ಬಿಟ್ವಿ. ಟ್ರಾವಿಸ್ ತಾನಾಗಿ ಅಪ್ಪನ ಅಟ್ಟಣೆ ನಿನಗೆ ಬಿಟ್ಟುಕೊಟ್ಟು ಗುಡ್ಡದ ಮೇಲೆ ಹೋಗಿ ಗಾಳಿಯಲ್ಲಿ ನಡುಗಿಕೊಂಡು ಕೂತ. ಮೂರನೇ ದಿನ ಒಳ್ಳೆ ಎಂಟು ಕವಲು ಕೊಂಬಿನ ಗಂಡು ಹದಿನೆಂಟು ಗಜದಲ್ಲಿ ಬಂದು ನಿಂತಿತು ಅಂತ ನೀನೇ ಹೇಳಿದೆ. ತಪ್ಪಿದೆ. ಆ ಹೊಸ ಬಿಲ್ಲಲ್ಲಿ, ನಿನ್ನ ಇಪ್ಪತ್ತೇಳು ಇಂಚಲ್ಲಿ, ಆ ಅಂಗಡಿಯವನು ಅಳೆದು ಕೊಟ್ಟಿದ್ದರಲ್ಲಿ ತಪ್ಪಿದೆ. ಈಗ ಯಾರ ತೋಳಿನ ಮೇಲೆ ಹಾಕ್ತೀಯ?

ನಾವು ಏನಾದರೂ ಅಂದ್ವಾ? ಚಿಕ್ಕಪ್ಪ ಕತ್ತರಿಗೆ ಕೈ ಹಾಕೋಕೆ ಮುಂಚೆ ನೀನೇ ಕಿತ್ತುಕೊಂಡು, ನೀನೇ ಚುಂಗು ಕತ್ತರಿಸಿ, ಹೆಸರು ಬರೆದು, ಬಾಗಿಲ ಪಕ್ಕ ಮೊಳೆ ಹೊಡೆದೆ. ಎಲ್ಲರೂ ನಕ್ಕರು, ನೀನೂ ನಕ್ಕೆ. ಎಷ್ಟೋ ವರ್ಷದ ಮೇಲೆ ನೀನು ಹಾಗೆ ನಕ್ಕಿದ್ದು ನೋಡಿ ನನಗೂ ಸಮಾಧಾನ ಆಯ್ತು, ಹಾಳಾಗಿ ಹೋಗಲಿ.

ಬೆಳಿಗ್ಗೆ ಎದ್ದರೆ ನೀನಿಲ್ಲ. ಕಾಫಿ ಕೂಡ ಕಾಯಿಸಿಲ್ಲ. ಗೋಡೆ ನೋಡಿದರೆ ಹದಿಮೂರು ಮೊಳೆ ಬರೀ ಮೊಳೆ.

ಆ ಗೋಡೆಯಿಂದ ಇವತ್ತಿನವರೆಗೆ ಯಾರೂ ಒಂದು ಎಳೆಯನ್ನೂ ತೆಗೆದಿಲ್ಲ. ಸತ್ತವರದು ಇದೆ, ಡೈವೋರ್ಸ್ ಆಗಿ ಹೋದ ಅಳಿಯಂದಿರದು ಇದೆ, ಯಾರದೂ ತೆಗೆಯಲ್ಲ. ತಪ್ಪಿದ್ದು ತಪ್ಪಿದ್ದೇ. ಚಿಕ್ಕಪ್ಪ ಇದು ಕಳ್ಳತನ ಅಂತಾನೆ, ಅವತ್ತು ಊಟ ಮಾಡಲಿಲ್ಲ. ನನ್ನ ಮುಖ ನೋಡಿಕೊಂಡು, ನಿನ್ನ ತಂಗಿ, ನಿನ್ನ ತಂಗಿ ಅಂತಾನೆ. ವಾಪಸ್ ಕಳಿಸು.

ವೆಂಡೆಲ್


ಹೇಸ್ಟಿಂಗ್ಸ್
ನವೆಂಬರ್ ೨೦, ೨೦೧೭

ವೆಂಡೆಲ್,

ಯಾರ ತೋಳಿನ ಮೇಲೆ ಹಾಕ್ತೀಯ ಅಂದೆಯಲ್ಲ, ನನ್ನ ತೋಳಿನ ಮೇಲೇ ಹಾಕ್ತೀನಿ.

ಅದು ಬಂತು. ಕಟ್ಟೆಯ ಮೇಲೆ ನಡೆದುಕೊಂಡು, ಮೂಗು ನೆಲಕ್ಕೆ ಹಚ್ಚಿಕೊಂಡು, ಹೆಣ್ಣಿನ ವಾಸನೆ ಹಿಡಿದು ಬಂತು. ಎಳೆದು ಹಿಡಿದೆ. ಎಲೆಕೋಸಿನ ಬುಟ್ಟಿ ಹೊತ್ತಷ್ಟೂ ಭಾರ ಅನ್ನಿಸಲಿಲ್ಲ, ಇನ್ನೂ ಹಿಡಿದು ನಿಲ್ಲಬಹುದಿತ್ತು. ಆದರೆ ನಾನು ಬಾಣ ತಾಕಬೇಕಾದ ಜಾಗ ನೋಡೋ ಬದಲು ಕೊಂಬು ನೋಡಿದೆ. ಈಗ ಬಿಡದಿದ್ದರೆ ಹೋಗಿಬಿಡುತ್ತೆ ಅಂತ ಅವಸರ ಮಾಡಿದೆ. ಬಾಣ ಹೊಟ್ಟೆ ಕೆಳಗೆ ಹಾದು ಕೆಸರಿಗೆ ಹೋಯ್ತು. ಇಳಿದು ಬಂದು ಎತ್ತಿ ನೋಡಿದೆ, ಒಂದು ಕೂದಲಿಲ್ಲ, ಒಂದು ಹನಿ ಇಲ್ಲ, ಬರೀ ಕೆಸರು. ಯಾರೂ ನರಳಲಿಲ್ಲ. ಅಲ್ಲೇ ಕೂತು ಅತ್ತೆ, ಸಂತೋಷಕ್ಕೆ.

ಯಾಕೆ ತಪ್ಪಿತು ಅಂತ ಅವತ್ತು ನನಗೆ ಗೊತ್ತಿತ್ತು ವೆಂಡೆಲ್. ಇಷ್ಟು ವರ್ಷದಲ್ಲಿ ಅದೇ ಮೊದಲು. ಪ್ರತೀ ಸಲ ಕಾಡಿಂದ ವಾಪಸ್ ಬರ್ತಾ ಏನು ಮಾಡಿದೆ, ಎಲ್ಲಿ ತಪ್ಪಿದೆ ಅಂತ ನನ್ನನ್ನೇ ನಾನು ತಿಂದುಕೊಳ್ತಿದ್ದೆ, ಉತ್ತರವೇ ಸಿಗ್ತಿರಲಿಲ್ಲ. ನೀವೆಲ್ಲ ನಿಮಗೆ ಸಿಕ್ಕಿದ ಉತ್ತರವನ್ನ ಗೋಡೆಗೆ ಹೊಡೀತಿದ್ರಿ. ಅದಕ್ಕೇ ಆ ದಿನ ಕತ್ತರಿ ನಾನೇ ತಗೊಂಡೆ. ಬಾಗಿಲ ಪಕ್ಕದ್ದು ನಾನು ತಪ್ಪಿದ್ದು. ಅದು ನನ್ನದು. ಅದಕ್ಕೆ ಯಾರಾದರೂ ಕೈ ಹಚ್ಚಿದರೆ ಹುಷಾರ್.

ಉಳಿದ ಹದಿಮೂರು ಈ ಲಕೋಟೆಯಲ್ಲಿವೆ. ನಾನು ಕಳ್ಳಿ ಅಲ್ಲ. ಸುಡಬೇಕು ಅಂತ ತಂದೆ, ಒಲೆ ಬಾಗಿಲು ತೆರೆದು ನಿಂತೆ ಕೂಡ. ಆಮೇಲೆ ಚಿಕ್ಕಪ್ಪ ಹೇಳೋದು ಸರಿ ಅನ್ನಿಸಿತು. ಹದಿಮೂರು ಸಲ ಬಾಣ ತಪ್ಪಿದೆ, ಅದು ಸುಳ್ಳಲ್ಲ, ಗೋಡೆಗೆ ಅದು ಸೇರಬೇಕು. ಆದರೆ ಯಾರ ಹೆಸರಲ್ಲಿ? ನೀವೇ ಕೂತು ಯೋಚನೆ ಮಾಡಿ. ಪ್ರತೀ ವರ್ಷ ಎಲ್ಲ ಸರಿಯಾಗಿದೆ ಅಂತ ಚೀಟಿ ಬರೆದವನ ಹೆಸರು ಬರೀತೀರೋ, ಬರೀರಿ. ನನ್ನ ಹೆಸರು ಮಾತ್ರ ಇರಕೂಡದು. ಇದ್ದರೆ ಆ ಕ್ಯಾಂಪಿನ ಹೊಸಲು ಇನ್ನು ನಾನು ತುಳಿಯಲ್ಲ, ನೀನು ಸತ್ತೆ ಅಂದರೂ ಚರ್ಚಿಗೆ ಬರ್ತೀನಿ, ಕ್ಯಾಂಪಿಗೆ ಬರಲ್ಲ.

ಮಾರ್ಲಿಸ್


ಬ್ಲ್ಯಾಕ್ ಆಲ್ಡರ್
ಡಿಸೆಂಬರ್ ೨೮, ೨೦೧೭

ಮಾರ್ಲಿಸ್,

ತಡವಾಯ್ತು. ಬರೆಯೋಕೆ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಿನ್ನ ಲಕೋಟೆ ಮೂರು ವಾರ ಗ್ಯಾರೇಜಿನ ಮೇಜಿನ ಮೇಲೆ ಬಿದ್ದಿತ್ತು. ಡೋರೀನ್ ಅದರ ಮೇಲೆ ಟೇಪು ಇಟ್ಟು ಹೋಗೋಳು, ನಾನು ತೆಗೆದು ಡ್ರಾಯರಿಗೆ ಹಾಕೋದು, ಮಾರನೇ ದಿನ ಮತ್ತೆ ಅಲ್ಲೇ ಇರೋದು. ಕೊನೆಗೆ ಅವಳ ಕಾಟಕ್ಕೆ ಬಾಗಿಲಿಗೆ ಒರಗಿ ಕೈ ಚಾಚಿ ನಿಂತೆ, ಅವಳು ಅಳೆದು ಎರಡೂವರೆಯಿಂದ ಭಾಗಿಸಿದಳು. ಇಪ್ಪತ್ತೇಳೂವರೆ. ಟೇಪು ಸಡಿಲ ಹಿಡಿದಿದ್ದೀಯ ಅಂತ ಅವಳಿಗೆ ಬೈದೆ. ಮತ್ತೆ ಹಿಡಿದಳು. ಇಪ್ಪತ್ತೇಳೂವರೆ. ಮೂರನೇ ಸಲ ಹಿಡಿ ಅಂದಾಗ ನಿನ್ನ ತೋಳು ಊಟಕ್ಕೆ ಮುಂಚೆ ಬೆಳೆಯಲ್ಲ ಅಂತ ಹೇಳಿ ಒಳಗೆ ಹೋದಳು.

ನಿನ್ನ ಅಂಗಡಿಯವನು ಸುಳ್ಳ. ಹತ್ತು ನಿಮಿಷ ಬೇಕಾಗಲ್ಲ, ಎಂಟೇ ಸಾಕಾಯ್ತು. ನನ್ನ ಬಿಲ್ಲಿಗೆ ಬಿಲ್ಲೆ ಬದಲಾಯಿಸಿದೆ, ಹಿತ್ತಲಲ್ಲಿ ಐದು ಬಾಣ ಬಿಟ್ಟೆ. ಹೇಗೆ ಬಿದ್ದವು ಅಂತ ನಿನಗೆ ಹೇಳಲ್ಲ, ನೀನು ಕುಣೀತೀಯ. ಆಮೇಲೆ ಅಲ್ಲೇ ಹುಲ್ಲಿನ ಮೂಟೆ ಮೇಲೆ ಕೂತುಬಿಟ್ಟೆ. ನೀನು ಒಂದು ಪದ ಕೇಳಿದ್ದೆ. ಇಲ್ಲ. ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳೋಕೆ ನನಗೆ ಇಷ್ಟ ಇರಲಿಲ್ಲ, ಅದು ಇನ್ನೂ ಕೆಟ್ಟದ್ದು ಅಂತ ಡೋರೀನ್ ಅಂತಾಳೆ.

ಮೊನ್ನೆ ಹಿಮಗಾಡಿಯಲ್ಲಿ ಕ್ಯಾಂಪಿಗೆ ಹೋದೆ, ಚಿಕ್ಕಪ್ಪನೂ ಹಿಂದೆ ಕೂತು ಬಂದ. ಹದಿಮೂರನ್ನೂ ಅವೇ ಮೊಳೆಗೆ ಹೊಡೆದೆ. ವರ್ಷ ಹಾಗೇ ಬಿಟ್ಟೆ. ನಿನ್ನ ಹೆಸರಿಗೆ ಅಡ್ಡ ಗೀಟು ಹೊಡೆದು ಕೆಳಗೆ ಅಪ್ಪನ ಹೆಸರು, ಹಾರ್ಲಾನ್ ಟ್ವೆಟನ್ ಅಂತ ಬರೆದೆ. ಎಲ್ಲದರ ಮೇಲೂ. ಅಕ್ಷರ ಚೆನ್ನಾಗಿ ಬಂದಿಲ್ಲ.

ನಾಲ್ಕನೆಯದು ಬರೆಯೋಷ್ಟರಲ್ಲಿ ಚಿಕ್ಕಪ್ಪ ಓದಿಕೊಂಡ. ಮುಖ ಕೆಂಪಾಯ್ತು. "ನಮ್ಮಣ್ಣ ಬದುಕಿರೋವರೆಗೂ ಒಂದು ಸಲವೂ ತಪ್ಪಿದವನಲ್ಲ," ಅಂದ.

"ಸತ್ತ ಮೇಲೆ ತಪ್ಪಿದ ಚಿಕ್ಕಪ್ಪ. ಹದಿಮೂರು ಸಲ," ಅಂದೆ.

ಟೋಪಿ ಎತ್ತಿಕೊಂಡು ಹೊರಗೆ ಹೋಗಿ ಹಿಮಗಾಡಿ ಮೇಲೆ ಕೂತ. ನಿನ್ನೆ ಸಂಜೆ ಫೋನ್ ಬಂತು. ಟೇಪು ತಗೊಂಡು ಬಾ ಅಂದ, ಇಟ್ಟುಬಿಟ್ಟ. ಅರ್ಧಕ್ಕೇ ಫೋನ್ ಇಡೋ ಚಾಳಿ ನಿನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು.

ನನ್ನವೂ ಒಂಬತ್ತಿವೆ ಗೋಡೆಯಲ್ಲಿ. ಅವುಗಳ ಹೆಸರು ತಿದ್ದಿಲ್ಲ. ನನಗೆ ಯಾರೂ ಬಿಲ್ಲು ಕೊಡಲಿಲ್ಲ, ಆ ಅಳತೆ ನಾನೇ ಇಟ್ಟುಕೊಂಡಿದ್ದು.

ಅಪ್ಪನ ಬಿಲ್ಲು ನಿನ್ನ ಹತ್ತಿರ ಸುಮ್ಮನೆ ಯಾಕೆ ಇರಬೇಕು, ಕಳಿಸಿಕೊಡು. ಆ ಹದಿಮೂರರ ಕೆಳಗೆ ನೇತು ಹಾಕ್ತೀನಿ. ಇಪ್ಪತ್ತೊಂಬತ್ತರಲ್ಲೇ ಇರಲಿ, ಯಾರೂ ಎಳೆಯೋ ಹಾಗಿಲ್ಲ.

ನಿನ್ನ ಹೆಸರಿನದು ಈಗ ಒಂದೇ ಇದೆ, ಬಾಗಿಲ ಪಕ್ಕ. ಅದನ್ನ ಯಾರೂ ಮುಟ್ಟಿಲ್ಲ.

ವೆಂಡೆಲ್